ಹಾರ್ಡ್ ಡಿಸ್ಕಿನ ಗ್ರಂಥಪಾತ

ಬರೆದದ್ದು ಬಹುಕಾಲ ಬಾಳಬೇಕು ಎಂಬುದು ಬರೆಯುವವರೆಲ್ಲರ ಆಸೆ. ಈ ಆಸೆಗೆ ಕಾಲಕಾಲಕ್ಕೆ ಬೇರೆಬೇರೆ ಆಧಾರಗಳು ಒದಗಿ ಬಂದಿವೆ. ನಮ್ಮ ಜಿಲ್ಲೆಯ ತಾಳಗುಂದದಲ್ಲಿ ಕದಂಬರ ಕಾಲದ ಕಂಬವೊಂದು ತನ್ನ ಮೇಲಿನ ಅಕ್ಷರಗಳನ್ನು ಹೊತ್ತು ಇಂದಿಗೂ ನಿಂತಿದೆ. ಮಠಗಳಲ್ಲಿ, ಮನೆಯ ಅಟ್ಟಗಳಲ್ಲಿ ಓಲೆಗರಿಗಳು ಹುಳುವಿಗೂ ತೇವಕ್ಕೂ ಅಂಜುತ್ತ ಶತಮಾನಗಳನ್ನು ಕಳೆದವು. 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಕಾಗದದ ಕಾರ್ಖಾನೆ ಹಲವು ದಶಕಗಳ ಕಾಲ ನಾಡಿನ ಬರವಣಿಗೆಗೆ ಕಾಗದ ಒದಗಿಸಿತು. ಈಗ ಬರವಣಿಗೆ ಕಾಗದವನ್ನೂ ಬಿಟ್ಟು, ಲ್ಯಾಪ್‌ಟಾಪಿನೊಳಗಿನ ಹಾರ್ಡ್ ಡಿಸ್ಕ್ ಎಂಬ ಅಂಗೈಯಗಲದ ಪೆಟ್ಟಿಗೆಯನ್ನು ಸೇರಿದೆ. ಆ ಪೆಟ್ಟಿಗೆ ಕೆಟ್ಟಾಗ ಒಳಗಿನ ಬರಹವನ್ನು ಮರಳಿ ಪಡೆಯುವುದು ಹೇಗೆ ಎಂಬುದನ್ನು ಕುರಿತು ಇಂದು ಒಂದೆರಡು ಮಾತು ಹೇಳಬೇಕೆಂದಿದ್ದೇನೆ. ಇದು ಯಂತ್ರ ಬಲ್ಲವರ ವಿಷಯ, ಕನ್ನಡದ ಮೇಷ್ಟರಿಗೇಕೆ ಎಂದು ಕೇಳುಗರು ನಗಬಹುದು. ಹಸ್ತಪ್ರತಿಗಳೊಡನೆ ಹೆಣಗಿದವನಿಗೆ ಈ ಕೆಲಸ ತೀರ ಹೊಸದಾಗಿ ಕಾಣುವುದಿಲ್ಲ ಎಂಬುದೇ ನನ್ನ ಉತ್ತರ.

ಮೊದಲು ಆ ಪೆಟ್ಟಿಗೆಯ ಒಳಗನ್ನು ನೋಡೋಣ. ಅಲ್ಲಿರುವುದು ಅಲ್ಯೂಮಿನಿಯಮ್ಮಿನದೋ ಗಾಜಿನದೋ ನುಣುಪಾದ ತಟ್ಟೆ. ಅದರ ಮೇಲೆ ಕಾಂತಗುಣವುಳ್ಳ ತೆಳುವಾದ ಲೇಪ. ಲ್ಯಾಪ್‌ಟಾಪುಗಳಲ್ಲಿ ಈ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಹಳೆಯ ಗ್ರಾಮಫೋನಿನ ಮುಳ್ಳಿನಂತೆ ಒಂದು ತೋಳು ಅದರ ಮೇಲೆ ಅತ್ತಿತ್ತ ಆಡುತ್ತದೆ. ಆದರೆ ಆ ಮುಳ್ಳು ತಟ್ಟೆಯನ್ನು ಮುಟ್ಟಿಕೊಂಡಿತ್ತು, ಈ ತೋಳು ಮುಟ್ಟಬಾರದು. ಇವೆರಡರ ನಡುವಿನ ಅಂತರ ತಲೆಗೂದಲಿನ ದಪ್ಪದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಲ್ಯಾಪ್‌ಟಾಪು ಕೆಳಗೆ ಬಿದ್ದು ತೋಳಿನ ತುದಿ ತಟ್ಟೆಗೆ ತಗುಲಿತೆಂದರೆ ಲೇಪ ಕೆರೆದುಹೋಗುತ್ತದೆ. ಕೆರೆದ ಜಾಗದಲ್ಲಿದ್ದ ಅಕ್ಷರ ಹೋದದ್ದೇ ಸರಿ.

ಇನ್ನೊಂದು ಬಗೆಯ ನಷ್ಟವೂ ಉಂಟು. ಬೇಡವೆಂದೋ ಕೈತಪ್ಪಿಯೋ ನಾವು ಒಂದು ಕಡತವನ್ನು ಅಳಿಸುತ್ತೇವೆ. ಅದು ಅಳಿಯಿತೆಂದು ತಿಳಿಯುತ್ತೇವೆ. ನಿಜವಾಗಿ ಆಗ ಯಂತ್ರ ಮಾಡುವುದು ಪುಸ್ತಕದ ಪರಿವಿಡಿಯಿಂದ ಒಂದು ಸಾಲನ್ನು ಹೊಡೆದುಹಾಕುವಷ್ಟು ಕೆಲಸವನ್ನು ಮಾತ್ರ. ಪುಟಗಳು ಇದ್ದಲ್ಲಿಯೇ ಇರುತ್ತವೆ. ಆದರೆ ಆ ಪುಟಗಳು ಖಾಲಿಯೆಂದು ಯಂತ್ರ ಗುರುತು ಮಾಡಿಕೊಂಡಿರುತ್ತದೆ. ಮುಂದೆ ನಾವು ಏನನ್ನಾದರೂ ಬರೆದರೆ ಅದು ಹಳೆಯದರ ಮೇಲೆಯೇ ಕೂರಬಹುದು. ಆದುದರಿಂದ ಕಳೆದುಹೋಯಿತೆಂದು ತಿಳಿದ ಗಳಿಗೆಯಲ್ಲಿ ಮಾಡಬೇಕಾದ ಮೊದಲ ಕೆಲಸವೆಂದರೆ ಯಂತ್ರವನ್ನು ಆರಿಸಿ ಸುಮ್ಮನೆ ಕೂರುವುದು. ಮನುಷ್ಯಸ್ವಭಾವಕ್ಕೆ ಇದಕ್ಕಿಂತ ಕಠಿಣವಾದ ಕೆಲಸ ಮತ್ತೊಂದಿಲ್ಲ. ಗಾಬರಿಯಲ್ಲಿ ನಾವು ಹುಡುಕುತ್ತೇವೆ, ಮತ್ತೆ ಮತ್ತೆ ಯಂತ್ರವನ್ನು ಚಾಲೂ ಮಾಡುತ್ತೇವೆ, ಮರಳಿಸಿಕೊಡುವ ತಂತ್ರಾಂಶವನ್ನು ತಂದು ಅದೇ ಡಿಸ್ಕಿನ ಮೇಲೆ ಹಾಕುತ್ತೇವೆ. ಉಳಿಸಲು ಹೊರಟ ಕೈಯೇ ಅಳಿಸುತ್ತದೆ.

ಶಂಕರಘಟ್ಟದಲ್ಲಿ ಸಂಶೋಧನೆ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿನಿ ಕೆಲವು ವರ್ಷಗಳ ಹಿಂದೆ ನನ್ನಲ್ಲಿಗೆ ಬಂದಳು. ಹೊಸನಗರದ ಕಡೆಯ ಹಳ್ಳಿಯೊಂದರ ಅಜ್ಜಿಯಿಂದ ಸೋಬಾನೆ ಪದಗಳನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡಿದ್ದಳು. ಅಜ್ಜಿ ತೀರಿಕೊಂಡಿದ್ದರು. ಇದ್ದದ್ದು ಒಂದೇ ಪ್ರತಿ, ಅದೂ ಮೇಜಿನಿಂದ ಬಿದ್ದ ಲ್ಯಾಪ್‌ಟಾಪಿನಲ್ಲಿ. ಚಾಲೂ ಮಾಡಿದರೆ ಒಳಗಿನಿಂದ ಟಕಟಕ ಸದ್ದು. ಪೇಟೆಯ ಅಂಗಡಿಯೊಂದರಲ್ಲಿ, ಫಾರ್ಮ್ಯಾಟ್ ಮಾಡಿ ಹೊಸದರಂತೆ ಕೊಡುತ್ತೇವೆ ಎಂದರಂತೆ. ಗೆಳೆಯನೊಬ್ಬ, ಪೆಟ್ಟಿಗೆ ಬಿಚ್ಚಿ ನೋಡೋಣ ಎಂದನಂತೆ. ಆ ಹುಡುಗಿ ಎರಡಕ್ಕೂ ಒಪ್ಪದೆ ಯಂತ್ರವನ್ನು ಆರಿಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದಳು. ಅದು ಜಾಣತನ. ಈ ಪೆಟ್ಟಿಗೆಯನ್ನು ಧೂಳಿಲ್ಲದಂತೆ ಗಾಳಿಯನ್ನು ಸೋಸಿದ ಕೋಣೆಯಲ್ಲಿ ಮಾತ್ರ ತೆರೆಯಬೇಕು. ನಮ್ಮ ಮನೆಯ ಬೆಳಕಿಂಡಿಯಲ್ಲಿ ತೇಲುವ ಒಂದು ಧೂಳಿನ ಕಣ ಆ ಕಿರಿಯ ಅಂತರದಲ್ಲಿ ಬಂಡೆಗೆ ಸಮಾನ.

ಡಿಸ್ಕು ಬೆಂಗಳೂರಿಗೆ ಹೋಯಿತು. ಶಿಷ್ಯವೇತನದ ದೊಡ್ಡ ಪಾಲು ಅದರ ಹಿಂದೆ ಹೋಯಿತು. ಅಲ್ಲಿನವರು ಅನುಸರಿಸಿದ ಕ್ರಮವನ್ನು ಕೇಳಿದಾಗ ನನಗೆ ನಮ್ಮ ಗ್ರಂಥಸಂಪಾದಕರ ನೆನಪಾಯಿತು. ಮೂಲದ ಮೇಲೆ ಕೈಮಾಡುವಂತಿಲ್ಲ. ಮುರಿದ ತೋಳನ್ನು ಬದಲಾಯಿಸಿ, ಮೊದಲು ತಟ್ಟೆಯ ಯಥಾಪ್ರತಿಯನ್ನು ಇಳಿಸಿಕೊಳ್ಳಬೇಕು. ಸುಲಭವಾಗಿ ಓದಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಭಾಗಗಳಿಗೆ ಕೊನೆಯಲ್ಲಿ ಮರಳಬೇಕು. ಏಕೆಂದರೆ ಅಲ್ಲಿ ಹೆಣಗುವಾಗ ಯಂತ್ರವೇ ಪ್ರಾಣ ಬಿಡಬಹುದು. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ. ಓದಲಾಗದ ಜಾಗಗಳು ಪ್ರತಿಯಲ್ಲಿ ಖಾಲಿಯಾಗಿ ಉಳಿಯುತ್ತವೆ. ಓಲೆ ಮುರಿದೆಡೆಯಲ್ಲಿ ನಮ್ಮ ಸಂಪಾದಕರು ‘ಇಲ್ಲಿ ಗ್ರಂಥಪಾತ’ ಎಂದು ಬರೆದು ಮುಂದುವರಿಯುತ್ತಿದ್ದರಲ್ಲ, ಹಾಗೆಯೇ.

ಪರಿವಿಡಿಯೇ ಹಾಳಾಗಿದ್ದರೆ ಮತ್ತೊಂದು ತೊಡಕು. ಕಡತಗಳು ತಮ್ಮ ಹೆಸರು, ದಿನಾಂಕಗಳನ್ನು ಕಳೆದುಕೊಂಡು ಬರಿಯ ಅಂಕಿಗಳಾಗಿ ಬರುತ್ತವೆ, ದಾರ ಹರಿದು ಚೆದುರಿದ ಓಲೆಗಳ ಹಾಗೆ. ಈ ಹುಡುಗಿಗೂ ಹಾಗೆಯೇ ಆಯಿತು. ಅವಳು ಅವನ್ನೆಲ್ಲ ಹಳ್ಳಿಗೆ ಕೊಂಡೊಯ್ದು ಅಜ್ಜಿಯ ಮಗಳ ಮುಂದೆ ಒಂದೊಂದಾಗಿ ನುಡಿಸಿದಳು. ಇದು ಹಸೆಗೆ ಕರೆಯುವುದು, ಇದು ಎಣ್ಣೆ ಹಚ್ಚುವಾಗಿನದು ಎಂದು ಆಕೆ ತಾಯಿಯ ಧ್ವನಿ ಕೇಳುತ್ತ ಕೇಳುತ್ತ ಹೆಸರಿಟ್ಟರು. ಎರಡು ಹಾಡುಗಳು ಬರಲೇ ಇಲ್ಲ. ಅವುಗಳ ಮೊದಲ ನುಡಿಗಳಷ್ಟೇ ಮಗಳ ನೆನಪಿನಲ್ಲಿದ್ದವು.

ಅಕ್ಷರಗಳ ಮಾತಿಗೆ ಬಂದರೆ, ಕಡತ ಮರಳಿದರೂ ಓದಲು ಬಾರದಿರುವುದುಂಟು. 2000ದ ಆಸುಪಾಸಿನಲ್ಲಿ ನಮ್ಮಲ್ಲಿ ಅನೇಕರು ‘ಬರಹ’, ‘ನುಡಿ’ ಮುಂತಾದ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದೆವು. ಅವುಗಳಿಂದ ಕನ್ನಡಕ್ಕಾದ ಉಪಕಾರ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ರೋಮನ್ ಲಿಪಿಯ ಸಂಕೇತಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿತ್ತು; ಅದು ಬಳಕೆಗೆ ಬಂದದ್ದು ಮಾತ್ರ ನಿಧಾನವಾಗಿ. ಆ ಹಳೆಯ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಹಾಳಾಯಿತೆಂದು ಎಸೆಯುವ ಮೊದಲು ಇದನ್ನು ನೆನೆಯಬೇಕು.

ಈ ವಿದ್ಯೆಯ ಸಾಮರ್ಥ್ಯ ಎಷ್ಟೆಂಬುದಕ್ಕೆ ಒಂದು ನಿದರ್ಶನ ಸಾಕು. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಮತ್ತು ಆರು ಮಂದಿ ಸಂಗಾತಿಗಳಿದ್ದ ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಆಕಾಶದಲ್ಲಿ ಒಡೆದುಹೋಯಿತು. ಅವಶೇಷಗಳಲ್ಲಿ ಸುಟ್ಟು ಕರಗಿದ ಒಂದು ಹಾರ್ಡ್ ಡಿಸ್ಕು ತಿಂಗಳುಗಳ ಮೇಲೆ ಸಿಕ್ಕಿತು. ಅದರಲ್ಲಿ ಕ್ಸೆನಾನ್ ಅನಿಲವನ್ನು ಕುರಿತ ಪ್ರಯೋಗದ ಫಲಗಳಿದ್ದವು. ಒಳಗೆ ಧೂಳು ಹೊಕ್ಕಿತ್ತು, ತಟ್ಟೆಗಳು ಮಾತ್ರ ಡೊಂಕಾಗಿರಲಿಲ್ಲ. ಅವನ್ನು ತೊಳೆದು ಬೇರೊಂದು ಪೆಟ್ಟಿಗೆಯಲ್ಲಿ ಕೂರಿಸಿ ಸುಮಾರು 99 ಪಾಲನ್ನು ಓದಿದರು. ಪ್ರಯೋಗದ ವರದಿ 2008ರಲ್ಲಿ ಪ್ರಕಟವಾಯಿತು. ಪ್ರಾಣಗಳು ಮರಳಲಿಲ್ಲ; ಅವರ ದುಡಿಮೆಯ ಒಂದು ಭಾಗ ಮರಳಿತು.

ಆದರೆ ಇದನ್ನು ನಂಬಿ ನಿಶ್ಚಿಂತೆಯಿಂದ ಕೂರುವಂತಿಲ್ಲ. ಈಚಿನ ಲ್ಯಾಪ್‌ಟಾಪುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ. ಎಸ್‌ಎಸ್‌ಡಿ ಎಂಬ ಅಲುಗಾಡದ ಸಾಧನ ಬಂದಿದೆ. ಬಿದ್ದರೆ ಅದು ಹೆಚ್ಚು ತಾಳಿಕೊಳ್ಳುತ್ತದೆ, ನಿಜ. ಆದರೆ ಅಳಿಸಿದ್ದನ್ನು ಅದು ಬಹಳಮಟ್ಟಿಗೆ ತಾನೇ ಬೇಗ ಒರೆಸಿ ಹಾಕುತ್ತದೆ. ಹರಿದ ಪರಿವಿಡಿಯ ಹಿಂದೆ ಪುಟಗಳು ಕಾದಿರುತ್ತವೆ ಎಂಬ ಸಮಾಧಾನ ಅಲ್ಲಿ ಸಲ್ಲದು.

ಹಾಗಾದರೆ ಉಪಾಯವೇನು? ಅದನ್ನು ನಮ್ಮ ಹಿಂದಿನವರೇ ಬಲ್ಲರು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಿ. ಆ ಕಾವ್ಯ ನಮಗೆ ದೊರೆತಿದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ದೊರೆತಿಲ್ಲ. ಸಾವಿರ ಪ್ರತಿಗಳೊಂದೇ ಇದಕ್ಕೆ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೂ ಈ ಎರಡು ಗ್ರಂಥಗಳ ಹಣೆಬರಹವನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಮಲೆನಾಡಿನಲ್ಲಿ ಮಳೆಯುಂಟು, ಸಿಡಿಲುಂಟು, ಗಳಿಗೆಗೊಮ್ಮೆ ಹೋಗಿ ಬರುವ ಕರೆಂಟುಂಟು. ನಿಮ್ಮ ಮನೆಯಲ್ಲಿ ಹಿರಿಯರ ಧ್ವನಿಯೋ, ಯಾರದೋ ಪ್ರಬಂಧವೋ, ಹಳೆಯ ಪಟವೋ ಒಂದೇ ಯಂತ್ರದಲ್ಲಿದ್ದರೆ ಅದರ ಇನ್ನೆರಡು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ನಂಟರ ಮನೆಯಲ್ಲಿಡಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಪ್ರತಿ ಮಾಡಿಸುವುದು ಅತ್ತಿಮಬ್ಬೆಯ ಕಾಲಕ್ಕೆ ಮಹಾದಾನವಾಗಿತ್ತು. ನಮ್ಮ ಕಾಲಕ್ಕೆ ಅದು ಒಂದು ಸಂಜೆಯ ಕೆಲಸ.