ಕಾಲ್ಗೆಜ್ಜೆಯ ಹಾದಿ: ಸೇಲಂ ಸೀಮೆಯ ಬೆಳ್ಳಿ ಕೆಲಸ ಮತ್ತು ಕಡಲಾಚೆಯ ಒಡನಾಡಿಗಳು

(ಶತಮಾನೋತ್ಸವ ಉಪನ್ಯಾಸಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ತುಂಬಿದ ಶಾಲೆಯೊಂದು ತನ್ನ ಉಪನ್ಯಾಸಮಾಲೆಗೆ ಕವಿಗಳನ್ನೋ ಶಾಸನಗಳನ್ನೋ ಸ್ವಾತಂತ್ರ್ಯ ಹೋರಾಟವನ್ನೋ ವಿಷಯವಾಗಿ ಆರಿಸಿಕೊಳ್ಳುವುದು ವಾಡಿಕೆ. ಅವನ್ನೆಲ್ಲ ವಿದ್ವಾಂಸರಿಗೆ ಒಪ್ಪಿಸಿ, ನಾವು ನಮ್ಮ ಹೆಣ್ಣುಮಕ್ಕಳ ಕಾಲಿನಲ್ಲಿ ದಿನವೂ ಕಾಣುವ ವಸ್ತುವೊಂದನ್ನು ಆರಿಸಿಕೊಂಡಿದ್ದೇವೆ. ಮನೆಯಲ್ಲಿ ಅದನ್ನು ಕಾಲ್ಗೆಜ್ಜೆ ಎನ್ನುತ್ತೇವೆ, ಪೇಟೆಗೆ ಹೋದರೆ ಕೊಲುಸು ಎನ್ನುತ್ತೇವೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಅದು ಝಣಗುಟ್ಟಿದರೆ ಗದರಿಸುವವರೂ ನಾವೇ. ಆದರೆ ಆ ಸದ್ದಿನ ಹಿಂದೆ ನಮ್ಮ ಎಷ್ಟೋ ಮಕ್ಕಳ ತಂದೆತಾಯಿಯರ ದುಡಿಮೆಯಿದೆ. ಅವರಲ್ಲಿ ಹಲವರು ಈಗ ಈ ಸಭೆಯಲ್ಲಿಯೇ ಕುಳಿತಿದ್ದಾರೆ.

ಈ ಶಾಲೆ ತೆರೆದ ದಿನಗಳಲ್ಲಿ ಧರ್ಮಪುರಿ ಎಂಬ ಜಿಲ್ಲೆಯೇ ಇರಲಿಲ್ಲ. ಹೊಸೂರಿನಿಂದ ಕಾವೇರಿಯ ತಟದವರೆಗೆ ಎಲ್ಲವೂ ಸೇಲಂ ಜಿಲ್ಲೆಯೇ ಆಗಿತ್ತು. 1965ರಲ್ಲಿ ಧರ್ಮಪುರಿ ಬೇರೆಯಾಯಿತು. 2004ರಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಯಿತು. ಗಡಿಗಳು ಹೀಗೆ ಸರಿದಾಡುತ್ತಿದ್ದರೂ ಇಲ್ಲಿನ ಕನ್ನಡ ಕದಲಲಿಲ್ಲ. ನೊಳಂಬರು ಆಳಿದ ತಗಡೂರು ಇಂದಿನ ಧರ್ಮಪುರಿಯೇ. ಅವರ ಕಾಲದ ಕನ್ನಡ ಶಾಸನಗಳು ಈ ನೆಲದಲ್ಲಿ ದೊರೆತಿವೆ. ಹೊಗೆನಕಲ್ಲಿನ ಹೆಸರಿಗೆ ಅರ್ಥ ಹೇಳಿಕೊಡಬೇಕಾದ ಅಗತ್ಯ ನಮ್ಮ ಮಕ್ಕಳಿಗಿಲ್ಲ. ಕಿವಿಯಿಂದಲೇ ಅವರಿಗದು ತಿಳಿಯುತ್ತದೆ.

ಈಗ ಬೆಳ್ಳಿಯ ಮಾತು. ಸೇಲಂ ನಗರದ ಶೆವ್ವಾಪೇಟೆ ಹಳೆಯ ವ್ಯಾಪಾರಸ್ಥಳ. ಅಲ್ಲಿಂದ ಹೊರಡುವ ಕಾಲ್ಗೆಜ್ಜೆ ಉತ್ತರ ಭಾರತದ ಮದುವೆಮನೆಗಳವರೆಗೆ ಹೋಗುತ್ತದೆ. ಆದರೆ ಒಂದು ಜೊತೆ ಗೆಜ್ಜೆಯನ್ನು ಒಂದೇ ಮನೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಮಾಡಿದರೆಂದು ತಿಳಿಯಬಾರದು. ಒಂದು ಮನೆಯಲ್ಲಿ ಬೆಳ್ಳಿ ಕರಗುತ್ತದೆ, ಇನ್ನೊಂದರಲ್ಲಿ ಕಂಬಿಯಾಗುತ್ತದೆ, ಮತ್ತೊಂದರಲ್ಲಿ ಕೊಂಡಿಯಾಗುತ್ತದೆ. ಬೆಸುಗೆ ಒಬ್ಬರದು, ಗೆಜ್ಜೆಮಣಿ ಪೋಣಿಸುವುದು ಇನ್ನೊಬ್ಬರದು, ಮೆರುಗು ಕೊಡುವುದು ಮತ್ತೊಬ್ಬರದು. ಓಣಿಯಿಂದ ಓಣಿಗೆ ಸೈಕಲ್ಲಿನ ಚೀಲದಲ್ಲಿ, ಈಗ ಸ್ಕೂಟರಿನಲ್ಲಿ, ಅದು ಪಯಣ ಮಾಡುತ್ತದೆ.

ನಮ್ಮ ವಿಜ್ಞಾನದ ಪುಸ್ತಕದಲ್ಲಿ ಬೆಳ್ಳಿ ಸುಮಾರು 961 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆ ಎಂದಿದೆ. ಮೂಸೆಯ ಮುಂದೆ ಕುಳಿತವರ ಕೈಯಲ್ಲಿ ಉಷ್ಣಮಾಪಕವಿರುವುದಿಲ್ಲ. ಕರಗಿದ ಲೋಹದ ಮೇಲ್ಮೈ ಕನ್ನಡಿಯಂತೆ ಹೊಳೆದು ತೊನೆಯತೊಡಗಿದಾಗ ಅವರು ಅದನ್ನು ಅಚ್ಚಿಗೆ ಸುರಿಯುತ್ತಾರೆ. ಶುದ್ಧ ಬೆಳ್ಳಿ ಬಲು ಮೆದು. ಕಾಲಿನಲ್ಲಿ ನಿಲ್ಲಬೇಕಾದರೆ ಅದಕ್ಕೆ ತಾಮ್ರ ಸೇರಿಸಬೇಕು. ಸಾವಿರಕ್ಕೆ 925 ಪಾಲು ಬೆಳ್ಳಿ ಉಳಿದರೆ ಅದು ಸ್ಟರ್ಲಿಂಗ್. ಅದಕ್ಕಿಂತ ಕಡಿಮೆಯದೂ ಮಾರುಕಟ್ಟೆಯಲ್ಲಿ ಧಾರಾಳವಾಗಿದೆ. ವ್ಯಾಪಾರಿಗಳು ಅದನ್ನು ಟಚ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಕೊಳ್ಳುವ ತಾಯಂದಿರು ತೂಕವನ್ನು ಕೇಳುವಷ್ಟೇ ಟಚ್ಚನ್ನೂ ಕೇಳಬೇಕೆಂದು ಈ ಸಂದರ್ಭದಲ್ಲಿ ಸೂಚಿಸಬಯಸುತ್ತೇವೆ.

ಎರಕದ ಕಡ್ಡಿಯನ್ನು ತೂತಿನ ಪಟ್ಟಿಯಲ್ಲಿ ಎಳೆದೆಳೆದು ಕಂಬಿ ಮಾಡುತ್ತಾರೆ. ಎಳೆದಷ್ಟೂ ಬೆಳ್ಳಿ ಬಿರುಸಾಗುತ್ತದೆ. ಹಾಗೆಯೇ ಮುಂದುವರಿದರೆ ಮುರಿಯುತ್ತದೆ. ಆಗ ಮತ್ತೆ ಬೆಂಕಿ ತೋರಿಸಿ ಮೆದುಗೊಳಿಸಬೇಕು. ಬೆಸುಗೆಯ ಗುಟ್ಟಂತೂ ಇನ್ನೂ ಸೂಕ್ಷ್ಮ. ಬೆಸುಗೆಯ ಲೋಹ ಬೆಳ್ಳಿಗಿಂತ ಸ್ವಲ್ಪ ಮೊದಲೇ ಕರಗಬೇಕು, ಆದರೆ ಕೊಂಡಿ ಕರಗಬಾರದು. ಬಿಳಿಗಾರವನ್ನು ಸವರಿ, ಊದುಗೊಳವೆಯಿಂದ ಉರಿಯನ್ನು ಸೂಜಿಯ ಮೊನೆಯಂತೆ ಚೂಪಾಗಿಸಿ, ಒಂದೊಂದು ಕೊಂಡಿಯನ್ನೂ ಬೆಸೆಯುವಾಗ ಕಣ್ಣು ರೆಪ್ಪೆ ಬಡಿಯಬಾರದು. ಕೊನೆಗೆ ಅಂಟುವಾಳದ ನೀರಿನಲ್ಲಿ ಹಿತ್ತಾಳೆಯ ಬ್ರಷ್ಷಿನಿಂದ ಉಜ್ಜಿದಾಗಲೇ ನಾವು ಅಂಗಡಿಯಲ್ಲಿ ಕಾಣುವ ಹೊಳಪು ಬರುವುದು.

ಕುಶಲಕರ್ಮಿಯ ಕಲ್ಪನೆ ಎಲ್ಲಿದೆ ಎಂದು ಕೆಲವರು ಕೇಳುತ್ತಾರೆ. ಎಲ್ಲರೂ ಒಂದೊಂದು ತುಂಡು ಕೆಲಸ ಮಾಡುವಲ್ಲಿ ಕಲೆ ಯಾರದು? ನಮ್ಮ ಅಭಿಪ್ರಾಯದಲ್ಲಿ ಅದು ಉಕ್ಕಿನ ಅಚ್ಚನ್ನು ಕೊರೆಯುವವರಲ್ಲಿದೆ, ಗೆಜ್ಜೆಗಳ ನಾದವನ್ನು ಹೊಂದಿಸುವವರಲ್ಲಿಯೂ ಇದೆ. ಮಾವಿನಕಾಯಿ, ನವಿಲು, ಬಳ್ಳಿ ಇವು ಹಳೆಯ ವಿನ್ಯಾಸಗಳೇ ಸರಿ. ಆದರೆ ಉಗುರಿನಷ್ಟು ಜಾಗದಲ್ಲಿ ನವಿಲಿನ ಕತ್ತು ಎಷ್ಟು ಬಾಗಬೇಕು, ಬಟ್ಟೆಯ ಅಂಚಿಗೆ ಸಿಕ್ಕಿಕೊಳ್ಳದಂತೆ ಕೊಕ್ಕನ್ನು ಎಲ್ಲಿ ಮುಗಿಸಬೇಕು ಎಂಬುದನ್ನು ತೀರ್ಮಾನಿಸುವುದು ಸಣ್ಣ ಕಲೆಯಲ್ಲ. ಹೊಸ ವಿನ್ಯಾಸವೊಂದು ಪೇಟೆಗೆ ಬಂದರೆ ಬಹುಬೇಗ ಅದರ ನಕಲು ಪಕ್ಕದ ಓಣಿಯಲ್ಲಿ ತಯಾರಾಗುತ್ತದೆ. ಮೊದಲು ಕೊರೆದವರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ಪಠ್ಯದಲ್ಲಿ ಕವಿಯ ಹೆಸರನ್ನು ತಪ್ಪಿಲ್ಲದೆ ಬರೆಯಬೇಕೆಂದು ಅಂಕ ಕಳೆಯುವ ನಮಗೆ ಇದು ನೋವಿನ ಸಂಗತಿಯೇ.

ಕೂಲಿಯ ಲೆಕ್ಕವನ್ನೂ ಹೇಳಬೇಕು. ಬೆಳ್ಳಿ ವ್ಯಾಪಾರಿಯದು. ತೂಗಿ ಕೊಡುತ್ತಾರೆ, ತೂಗಿ ಪಡೆಯುತ್ತಾರೆ. ನಡುವೆ ಸವೆಯುವುದಕ್ಕೆ ಇಂತಿಷ್ಟು ಸೇದಾರವೆಂದು ಬಿಡುತ್ತಾರೆ. ಅದನ್ನು ಮೀರಿ ಕಡಿಮೆಯಾದರೆ ಕೆಲಸಗಾರರ ಕೂಲಿಯಿಂದ ಮುರಿಯುತ್ತದೆ. ಆದ್ದರಿಂದ ಈ ಮನೆಗಳಲ್ಲಿ ಕಸವನ್ನು ಬೀದಿಗೆ ಗುಡಿಸುವುದಿಲ್ಲ. ಗುಡಿಸಿದ ಧೂಳನ್ನು ಕೂಡಿಟ್ಟು ಮಾರುತ್ತಾರೆ. ಅಂತಹ ಧೂಳನ್ನು ತೊಳೆದು ಲೋಹದ ಕಣವನ್ನು ಹೆಕ್ಕುವವರಿಗೆ ಕನ್ನಡದಲ್ಲಿ ಜಲಗಾರರೆಂಬ ಹೆಸರಿದ್ದುದನ್ನು ಇಂದಿನ ಮಕ್ಕಳು ಅರಿಯರು. ಬೆಳ್ಳಿಯ ಬೆಲೆ 2025ರ ಹೊತ್ತಿಗೆ ಕಿಲೋಗೆ ಲಕ್ಷ ರೂಪಾಯಿಯ ಗಡಿಯನ್ನು ದಾಟಿತು. ಹೊರಗಿನವರು ಬೆಳ್ಳಿ ಕೆಲಸದವರಿಗೆ ಸುಗ್ಗಿ ಎಂದುಕೊಂಡರು. ನಡೆಯುವುದು ಬೇರೆ. ಬೆಲೆ ಏರಿದರೆ ಕೊಳ್ಳುವವರು ಹಗುರವಾದ ಗೆಜ್ಜೆ ಕೇಳುತ್ತಾರೆ. ಕೂಲಿ ತೂಕದ ಮೇಲೆ ನಿಂತಿರುವಲ್ಲಿ ಅಷ್ಟೇ ಕೊಂಡಿಗಳ ಕೆಲಸಕ್ಕೆ ಕಡಿಮೆ ಹಣ ಬರುತ್ತದೆ. ಯಂತ್ರದ ಸರಪಳಿಯ ಪೈಪೋಟಿ ಬೇರೆ.

ಬೆಳ್ಳಿ ಪಯಣಿಗನ ಲೋಹ. ನಮ್ಮ ದೇಶದಲ್ಲಿ ರಾಜಸ್ಥಾನದ ಸತುವಿನ ಗಣಿಗಳಿಂದ ದೊರೆಯುವುದು ಬಿಟ್ಟರೆ ಬಹುಪಾಲು ಹೊರದೇಶದಿಂದಲೇ ಬರಬೇಕು. ಇದು ಇಂದಿನ ಕಥೆಯೂ ಅಲ್ಲ. ಸೇಲಂ ಜಿಲ್ಲೆಯ ಕೋನೇರಿಪಟ್ಟಿಯಲ್ಲಿ 1987ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಭಾರತದ ಸರಕಿಗಾಗಿ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದುಹೋಗುತ್ತಿದೆಯೆಂದು ರೋಮಿನ ಪ್ಲಿನಿ ಗೊಣಗಿದ್ದು ಪ್ರಸಿದ್ಧವಾಗಿದೆ. ಆ ಹಣದ ಒಂದು ಹನಿ ನಮ್ಮ ಹೊಲಗಳ ಕೆಳಗೂ ಇತ್ತು ಎಂದರೆ ಮಕ್ಕಳ ಕಣ್ಣರಳುತ್ತದೆ.

ಲೋಹ ಬಂದ ಕಡಲಿನಲ್ಲಿಯೇ ಜನ ಹೊರಟರು. ಇದು ನಮ್ಮ ಜಿಲ್ಲೆಯ ಇತಿಹಾಸದಲ್ಲಿ ನಾವು ಪಾಠ ಮಾಡದೆ ಬಿಟ್ಟ ಅಧ್ಯಾಯ. ಮದರಾಸಿನಿಂದ ಹೊರಟ ಟ್ರೂರೋ ಎಂಬ ಹಡಗು 1860ರ ನವೆಂಬರ್ 16ರಂದು ದಕ್ಷಿಣ ಆಫ್ರಿಕದ ಡರ್ಬನ್ ಬಂದರನ್ನು ಮುಟ್ಟಿತು. ಅಂದಿನಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಗಿರ್ಮಿಟ್ ಕರಾರಿನ ಮೇಲೆ ನಟಾಲಿಗೆ ಹೋದರು. ಹಡಗಿನ ಪಟ್ಟಿಗಳಲ್ಲಿ ಪ್ರತಿಯೊಬ್ಬರ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಹಳ್ಳಿ, ಮೈಮೇಲಿನ ಗುರುತು ಎಲ್ಲವನ್ನೂ ಬರೆದಿಟ್ಟಿದ್ದಾರೆ. ಜಿಲ್ಲೆಯ ಕಾಲಮಿನಲ್ಲಿ ಸೇಲಂ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಐದು ವರ್ಷದ ಕರಾರು. ಮೊದಲ ವರ್ಷ ತಿಂಗಳಿಗೆ 10 ಶಿಲಿಂಗ್ ಕೂಲಿ. ಕಬ್ಬಿನ ತೋಟದ ದುಡಿಮೆ ಎಂಥದೆಂಬುದನ್ನು ಮಕ್ಕಳ ಮುಂದೆ ವಿಸ್ತರಿಸಲಾರೆವು.

ನಟಾಲ್ ಮಾತ್ರವಲ್ಲ, ಮಾರಿಷಸ್, ಗಯಾನಾ, ಟ್ರಿನಿಡಾಡ್, ಫಿಜಿ, ಮಲಯಾ ಎಲ್ಲೆಡೆಗೂ ಹಡಗುಗಳು ಹೋದವು. ಟ್ರಿನಿಡಾಡ್ ಮತ್ತು ಗಯಾನಾಗಳಲ್ಲಿ ನಡೆದುದನ್ನು ಕೇಳಿ. ಕೂಲಿಯಾಗಿ ದೊರೆತ ಬೆಳ್ಳಿ ನಾಣ್ಯಗಳನ್ನು ಆ ಜನ ಅಕ್ಕಸಾಲಿಗನ ಬಳಿಗೆ ಒಯ್ಯುತ್ತಿದ್ದರು. ಅವನು ಅವನ್ನು ಕರಗಿಸಿ ಬಳೆ, ಕಡಗ, ಕಾಲುಬಳೆ ಮಾಡಿಕೊಡುತ್ತಿದ್ದನು. ರಾಣಿಯ ಮುಖವಿದ್ದ ಶಿಲಿಂಗು ಹೆಂಗಸಿನ ಕಾಲಿನ ಕಡಗವಾಯಿತು! ಅದು ಬರಿಯ ಶೃಂಗಾರವಾಗಿರಲಿಲ್ಲ. ಬ್ಯಾಂಕಿನ ಬಾಗಿಲು ತೆರೆಯದ ಕಡೆ ಮೈಮೇಲೆ ಇಟ್ಟುಕೊಂಡ ಉಳಿತಾಯವೂ, ಊರಿನ ನೆನಪೂ ಆಗಿತ್ತು. ತೋಟದಲ್ಲಿ ಎಲ್ಲರನ್ನೂ ಕೂಲಿಯೆಂದೇ ಕರೆಯುತ್ತಿದ್ದಾಗ, ಸಣ್ಣದೊಂದು ಅಗ್ಗಿಷ್ಟಿಕೆ, ಇಕ್ಕುಳ, ಸುತ್ತಿಗೆ ಇವು ಒಬ್ಬ ಮನುಷ್ಯನನ್ನು ಮತ್ತೆ ಅಕ್ಕಸಾಲಿಗನನ್ನಾಗಿ ಮಾಡಿದವು.

ಒಂದೇ ಹಡಗಿನಲ್ಲಿ ಹೋದವರು ಒಬ್ಬರನ್ನೊಬ್ಬರು ಜಹಾಜಿ ಭಾಯಿ, ಜಹಾಜಿ ಬೆಹನ್ ಎಂದು ಕರೆದರು. ಜಹಾಜು ಎಂದರೆ ಹಡಗು. ಬೇರೆ ಜಾತಿಯವರು, ಬೇರೆ ಮಾತಿನವರು, ಒಂದೇ ತಟ್ಟೆಯ ಅನ್ನ ಉಂಡು, ಒಂದೇ ಬಿರುಗಾಳಿಗೆ ನಡುಗಿದವರು. ಆ ಸ್ನೇಹವನ್ನು ರಕ್ತಸಂಬಂಧವೆಂದೇ ಎಣಿಸಿ, ಅವರ ಮಕ್ಕಳ ನಡುವೆ ಮದುವೆ ಕೂಡದೆಂದು ನಡೆದುಕೊಂಡವರೂ ಇದ್ದರು. ಅಂತಹ ಗೆಳೆತನದ ಮುಂದೆ ನಮ್ಮ ಹಳೆಯ ವಿದ್ಯಾರ್ಥಿ ಸಂಘವೂ ಸ್ವಲ್ಪ ತಲೆಬಾಗಬೇಕು.

ನಟಾಲಿನ ಇನ್ನೊಂದು ಪ್ರಸಂಗ ತಾಯಂದಿರಿಗೆ ಹಿಡಿಸೀತು. 1901ರಲ್ಲಿ ಗಾಂಧೀಜಿಯವರು ಅಲ್ಲಿಂದ ಭಾರತಕ್ಕೆ ಹೊರಟಾಗ ಜನರು ಚಿನ್ನ, ಬೆಳ್ಳಿ, ವಜ್ರದ ಒಡವೆಗಳನ್ನು ಕಾಣಿಕೆ ಕೊಟ್ಟರು. ಕಸ್ತೂರಬಾ ಅವರಿಗೆಂದು 50 ಗಿನಿ ಬೆಲೆಯ ಚಿನ್ನದ ಹಾರವಿತ್ತು. ಅವೆಲ್ಲವನ್ನೂ ಸಮುದಾಯದ ಕೆಲಸಕ್ಕೆ ನ್ಯಾಸ ಮಾಡಿಬಿಡುವೆನೆಂದು ಗಾಂಧೀಜಿ ಹೇಳಿದಾಗ ಬಾ ಸುಲಭವಾಗಿ ಒಪ್ಪಲಿಲ್ಲ. ನಾಳೆ ಬರುವ ಸೊಸೆಯರಿಗೆ ಏನು ಕೊಡುವುದೆಂದು ವಾದಿಸಿದರು, ಅತ್ತರು. ಗಾಂಧೀಜಿಯವರೇ ಇದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ನ್ಯಾಸದ ನಿರ್ಧಾರ ಸರಿಯೇ. ಆದರೂ ಬಾ ಅವರ ವಾದದಲ್ಲಿ ಹುರುಳಿಲ್ಲವೆಂದು ಹೇಳಲು ನಮಗೆ ಬಾಯಿ ಬಾರದು.

ಇಂದಿನ ಕಾಲಕ್ಕೆ ಬರೋಣ. ಬೀದರಿನ ಶಾ ರಶೀದ್ ಅಹಮದ್ ಕಾದ್ರಿಯವರು ಬಿದ್ರಿ ಕೆಲಸದವರು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಎಳೆಯನ್ನು ಕೂರಿಸಿ, ಬೀದರ್ ಕೋಟೆಯ ಮಣ್ಣನ್ನು ಬೆರೆಸಿದ ದ್ರಾವಣದಿಂದ ಲೋಹವನ್ನು ಕಪ್ಪಾಗಿಸುವ ಆ ವಿದ್ಯೆಯನ್ನು ತಂದೆಯಿಂದ ಕಲಿತರು. ಹಲವು ದೇಶಗಳಲ್ಲಿ ಅದನ್ನು ಪ್ರದರ್ಶಿಸಿ ಬಂದರು. 2023ರಲ್ಲಿ ಪದ್ಮಶ್ರೀ ಪಡೆದರು. ನಮ್ಮ ಧರ್ಮಪುರಿ ಜಿಲ್ಲೆಯ ಸಿಟ್ಟಿಲಿಂಗಿ ಕಣಿವೆಯಲ್ಲಿಯೂ ಲಂಬಾಣಿ ಹೆಂಗಸರು ಮರೆತುಹೋಗಲಿದ್ದ ಕಸೂತಿಯನ್ನು ಹಿರಿಯಜ್ಜಿಯರಿಂದ ಮರಳಿ ಕಲಿತು, ಪೋರ್ಗೈ ಎಂಬ ಹೆಸರಿನಲ್ಲಿ ದುಡಿಯುತ್ತಿದ್ದಾರೆ. ಅವರ ಮಾತಿನಲ್ಲಿ ಅದರ ಅರ್ಥ ಹೆಮ್ಮೆ. ಬೀದರಿಗೂ ಸಿಟ್ಟಿಲಿಂಗಿಗೂ ದೊರೆತ ಹೆಸರು ಸೇಲಂ ಕಾಲ್ಗೆಜ್ಜೆಯ ಕೆಲಸಗಾರರಿಗೆ ಏಕೆ ದೊರೆಯಲಿಲ್ಲ? ವಿದ್ಯೆಯ ಕೊರತೆಯಿಂದಲ್ಲ. ಇಲ್ಲಿ ಕೆಲಸ ಸಾವಿರ ಮನೆಗಳಲ್ಲಿ ಹಂಚಿಹೋಗಿದೆ; ಯಾರ ಮೇಲೆಯೂ ದೀಪ ಬೀಳುವುದಿಲ್ಲ.

ಕೆಲವು ಪೋಷಕರು ನಮ್ಮನ್ನು ಕೇಳುತ್ತಾರೆ: ಮಗ ಏಳನೆಯ ತರಗತಿಯಲ್ಲಿದ್ದಾನೆ, ಕೈ ಚುರುಕಾಗಿದೆ, ಈಗಲೇ ಕೂರಿಸಿದರೆ ಕೆಲಸ ಹಿಡಿದೀತು, ಹತ್ತನೆಯದಾದ ಮೇಲೆ ಕೈ ಬಾಗುವುದಿಲ್ಲ, ಏನು ಮಾಡಲಿ? ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಬೆರಳಿನ ವಿದ್ಯೆಗೆ ವಯಸ್ಸಿದೆಯೆಂಬುದು ವೀಣೆ ಕಲಿಸುವವರಿಗೂ ಗೊತ್ತು. ಆದರೆ ಬೆಸುಗೆಯ ಹೊಗೆ, ಮೆರುಗಿನ ಆಮ್ಲ, ಇವು ಎಳೆಯ ಶ್ವಾಸಕೋಶಕ್ಕೆ ತಕ್ಕವಲ್ಲ. ಒಡವೆ ಕೆಲಸದಲ್ಲಿ ಕೆಡಿಎಂ ಎನ್ನುವ ಬೆಸುಗೆಯಲ್ಲಿರುವುದು ಕ್ಯಾಡ್ಮಿಯಂ. ಅದರ ಆವಿ ದೊಡ್ಡವರಿಗೂ ವಿಷ. ಹದಿನಾಲ್ಕರೊಳಗಿನ ಮಗುವಿನ ಜಾಗ ತರಗತಿಯೇ. ಇದರಲ್ಲಿ ಈ ಶಾಲೆ ಚೌಕಾಶಿಗೆ ನಿಲ್ಲುವುದಿಲ್ಲ.

ಹಾಗೆಂದು ವಿದ್ಯೆಯನ್ನು ಬಾಗಿಲ ಹೊರಗೆ ನಿಲ್ಲಿಸಬೇಕಾಗಿಲ್ಲ. ಮಗು ಚಿತ್ರ ಬರೆಯುವುದನ್ನು, ವಿನ್ಯಾಸ ಅಳೆಯುವುದನ್ನು, ಮಿಶ್ರಲೋಹದ ಶೇಕಡಾ ಲೆಕ್ಕವನ್ನು ಇಲ್ಲಿಯೇ ಕಲಿಯಬಹುದು. ಈ ವರ್ಷದಿಂದ ಎಂಟನೆಯ ತರಗತಿಯ ಗಣಿತದಲ್ಲಿ ಟಚ್ಚಿನ ಲೆಕ್ಕವನ್ನು ಸೇರಿಸಿದ್ದೇವೆ. ಸೇದಾರದ ಲೆಕ್ಕ ಕಲಿತ ಹುಡುಗಿಯೊಬ್ಬಳು ಮನೆಯ ಚೀಟಿಯನ್ನು ತಾನೇ ಕೂಡಿ ನೋಡುತ್ತಾಳೆಂದು ಆಕೆಯ ತಾಯಿ ಹೇಳಿದರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಉತ್ತರದ ವ್ಯಾಪಾರಿಯ ಮುಂದೆ ಹಿಂದಿ ಆಡುವ ಮಕ್ಕಳಿವರು. ಯಾವ ಮಾತೂ ಅವರಿಗೆ ಭಾರವಲ್ಲ. ಆದರೆ ಮೂಸೆ, ಬಿಳಿಗಾರ, ಊದುಗೊಳವೆ, ಜಲಗಾರ ಎಂಬ ಪದಗಳನ್ನು ಬರೆದಿಡದಿದ್ದರೆ ಅವು ಈ ತಲೆಮಾರಿನೊಂದಿಗೆ ಹೋಗಿಬಿಡುತ್ತವೆ. ಆದ್ದರಿಂದ ಒಂಬತ್ತನೆಯ ತರಗತಿಯ ಮಕ್ಕಳು ಮನೆಮನೆಗೆ ಹೋಗಿ ಕಸುಬಿನ ಪದಗಳನ್ನು ಸಂಗ್ರಹಿಸುತ್ತಿದ್ದಾರೆ.

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ತೂತಿನ ಪಟ್ಟಿ, ಮುರಿದ ಅಚ್ಚು, ಅಜ್ಜಿಯ ಕಡಗ, ಮಲಯಾದಿಂದಲೋ ಸಿಲೋನಿನಿಂದಲೋ ನಟಾಲಿನಿಂದಲೋ ಬಂದ ಕಾಗದ ಇದ್ದರೆ ದಯವಿಟ್ಟು ತನ್ನಿ. ಹೆಸರು ಬರೆದು, ರಸೀದಿ ಕೊಟ್ಟು, ಪ್ರದರ್ಶನ ಮುಗಿದ ಮೇಲೆ ಹಿಂದಿರುಗಿಸುತ್ತೇವೆ. ಪ್ರಯೋಗಶಾಲೆಯ ಪಕ್ಕದ ಕೊಠಡಿಯಲ್ಲಿ ನಮ್ಮ ಇಬ್ಬರು ಪೋಷಕರು ಕೊಂಡಿ ಬೆಸೆಯುವುದನ್ನು ತೋರಿಸಲು ಈಗಾಗಲೇ ಬಂದು ಕುಳಿತಿದ್ದಾರೆ. ಕಿಟಕಿಗಳನ್ನು ತೆರೆದಿಟ್ಟಿದ್ದೇವೆ, ಮಕ್ಕಳು ಎರಡು ಮಾರು ದೂರ ನಿಂತು ನೋಡಬೇಕು. ಅವರು ಮಾಡುವ ಗೆಜ್ಜೆಯ ಚೀಟಿಯಲ್ಲಿ ವಿನ್ಯಾಸ ಕೊರೆದವರ, ಕಂಬಿ ಎಳೆದವರ, ಬೆಸೆದವರ, ಮೆರುಗು ಕೊಟ್ಟವರ ಹೆಸರುಗಳನ್ನು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಬರೆಯಲಾಗಿದೆ.