ಹಳೆಯ ಯಂತ್ರಗಳ ಜೀರ್ಣೋದ್ಧಾರ



ಗುಡಿಯ ಜೀರ್ಣೋದ್ಧಾರವನ್ನು ನಾವೆಲ್ಲರೂ ಬಲ್ಲೆವು. ಕೆರೆ ಬಾವಿಗಳದನ್ನೂ ಕಂಡಿದ್ದೇವೆ. ಆದರೆ ಕೆಟ್ಟು ಮೂಲೆ ಸೇರಿದ ಟೆಲಿವಿಷನ್ ಪೆಟ್ಟಿಗೆಗೆ, ಕಾಲ ಮೀರಿದ ಗಣಕಯಂತ್ರಕ್ಕೆ ಆ ಮಾತನ್ನು ಹೇಳಿದರೆ ನಗುವವರೇ ಹೆಚ್ಚು. ಗುಜರಿಯವನಿಗೆ ಕೊಟ್ಟರೆ ನಾಲ್ಕು ಕಾಸಾದರೂ ಬಂದೀತೆನ್ನುವರು. ಹೀಗೆ ನಗಿಸಿಕೊಂಡೂ ಆ ಕೆಲಸವನ್ನು ಬಿಡದ ಹವ್ಯಾಸಿಗಳು ಲೋಕದಲ್ಲಿದ್ದಾರೆ. ಅವರ ವಿಷಯವಾಗಿ ಕೆಲವು ಮಾತುಗಳನ್ನು ತಮ್ಮೆದುರು ಇಡಬೇಕೆಂದಿದ್ದೇವೆ.

ಇಂಗ್ಲೆಂಡಿನ ಹಾರ್ವೆಲ್ ಅಣುಶಕ್ತಿ ಸಂಶೋಧನಾಲಯದಲ್ಲಿ 1951ರಲ್ಲಿ ಒಂದು ಗಣಕಯಂತ್ರ ಕೆಲಸ ಆರಂಭಿಸಿತು. ತೂಕ ಎರಡೂವರೆ ಟನ್ನು. ಅದರ ಅಂಕಿಗಳು ನೆಲೆಸಿದ್ದುದು ಡೆಕಾಟ್ರಾನ್ ಎಂಬ 828 ಗಾಜಿನ ಕೊಳವೆಗಳಲ್ಲಿ. ಪ್ರತಿಯೊಂದರಲ್ಲೂ ಬೆಳಕಿನ ಚುಕ್ಕೆಯೊಂದು ವರ್ತುಲವಾಗಿ ಸುತ್ತುತ್ತ ಸೊನ್ನೆಯಿಂದ ಒಂಬತ್ತರವರೆಗೆ ಎಣಿಸುತ್ತಿತ್ತು. ಒಂದು ಗುಣಾಕಾರಕ್ಕೆ ಐದು ಹತ್ತು ಸೆಕೆಂಡು ಬೇಕು! ನಮ್ಮ ಹಿಂದಿನ ಶಾನುಭೋಗರೇ ಮೇಲೆಂದು ತಮಗೆ ತೋರಬಹುದು. ಗಣಿತಜ್ಞರೊಬ್ಬರು ಕೈಯ ಲೆಕ್ಕದ ಯಂತ್ರವನ್ನು ಹಿಡಿದು ಅದರೊಡನೆ ಪಂದ್ಯಕ್ಕೆ ಕುಳಿತದ್ದೂ ಉಂಟು. ಸುಮಾರು ಅರ್ಧ ಗಂಟೆ ಸರಿಸಮನಾಗಿ ನಡೆದು ಅವರು ಬಳಲಿ ಎದ್ದರು. ಯಂತ್ರ ತನ್ನ ಪಾಡಿಗೆ ಎಣಿಸುತ್ತಲೇ ಇತ್ತು. ಅದರ ಹಿರಿಮೆ ವೇಗದಲ್ಲಿರಲಿಲ್ಲ, ತಾಳ್ಮೆಯಲ್ಲಿತ್ತು.

1957ರಲ್ಲಿ ಅದು ಉಲ್ವರ್‌ಹ್ಯಾಂಪ್ಟನ್ನಿನ ಕಾಲೇಜಿಗೆ ಬಂದು 1973ರವರೆಗೆ ವಿದ್ಯಾರ್ಥಿಗಳಿಗೆ ಪಾಠ ಕಲಿಸಿತು. ಬಳಿಕ ವಸ್ತುಸಂಗ್ರಹಾಲಯವನ್ನು ಸೇರಿ, 1997ರಲ್ಲಿ ಬಿಚ್ಚಲ್ಪಟ್ಟು ಉಗ್ರಾಣದ ಪಾಲಾಯಿತು. ಛಾಯಾಚಿತ್ರವೊಂದರಲ್ಲಿ ಅದರ ಒಂದು ಫಲಕ ಕಣ್ಣಿಗೆ ಬಿದ್ದಾಗ ಆಸಕ್ತರೊಬ್ಬರು ಗುರುತು ಹಿಡಿದರು. 2009ರಿಂದ ಸ್ವಯಂಸೇವಕರು ಬ್ಲೆಚ್ಲಿ ಪಾರ್ಕಿನಲ್ಲಿ ಮೂರು ವರ್ಷ ದುಡಿದರು. ಬಹುಕಾಲ ಸುಮ್ಮನಿದ್ದ ಇಂಥ ಕೊಳವೆಗಳಲ್ಲಿ ಬೆಳಕು ಒಂದೆಡೆಯೇ ಅಂಟಿ ನಿಲ್ಲುವುದುಂಟು. ಬಹಳ ಹೊತ್ತು ಓಡಿಸಿದರೆ ಕೆಲವು ಚೇತರಿಸಿಕೊಳ್ಳುತ್ತವೆ. 2012ರ ನವೆಂಬರ್ 20ರಂದು ಯಂತ್ರ ಮತ್ತೆ ನಡೆಯಿತು.

ಟೆಲಿವಿಷನ್ನಿನ ಪಾಡು ಇನ್ನೊಂದು ಬಗೆ. ಗಣಕಯಂತ್ರ ತನ್ನಷ್ಟಕ್ಕೆ ಎಣಿಸಬಲ್ಲದು. ಟೆಲಿವಿಷನ್ನಿಗೆ ಹೊರಗಿನಿಂದ ಯಾರಾದರೂ ಕಳಿಸಬೇಕು. ಬ್ರಿಟನ್ನಿನಲ್ಲಿ 1936ರಲ್ಲಿ ಮೊದಲಾದ 405 ಗೆರೆಗಳ ಪ್ರಸಾರವು 1985ರಲ್ಲಿ ನಿಂತಿತು. ಅಂದಿನ ಪೆಟ್ಟಿಗೆಯನ್ನು ಎಷ್ಟೇ ಚೆನ್ನಾಗಿ ರಿಪೇರಿ ಮಾಡಿದರೂ ಅದಕ್ಕೆ ತಿಳಿಯುವ ಸಂಕೇತ ಈಗ ಆಕಾಶದಲ್ಲಿಲ್ಲ. ಆದುದರಿಂದ ಹವ್ಯಾಸಿಗಳು ಇಂದಿನ ಚಿತ್ರವನ್ನು 405 ಗೆರೆಗಳಿಗೆ ಇಳಿಸುವ ಪರಿವರ್ತಕವನ್ನೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಾರೆ. ಕೇಳುವವನಿದ್ದು ಆಡುವವನಿಲ್ಲದಿದ್ದರೆ ಏನಾಗುವುದೆಂಬುದನ್ನು ಗಡಿಯಲ್ಲಿರುವ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ನೆರೆಯಲ್ಲೇ ಇದಕ್ಕೆ ನಿದರ್ಶನವಿದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂದಿತು. ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಕನ್ನಡ ಕಾರ್ಯಕ್ರಮಗಳನ್ನು ಕಂಡವು. ತಂತಿಬಲೆಯ ದೊಡ್ಡ ಬಟ್ಟಲಿನಂಥ ಏರಿಯಲ್ಲು, ಅದರ ಕೆಳಗೆ ಊರ ಜನರೆಲ್ಲರಿಗೂ ಒಂದೇ ಪೆಟ್ಟಿಗೆ. 1976ರ ಜುಲೈ 31ಕ್ಕೆ ಆ ಪ್ರಸಾರ ಮುಗಿಯಿತು. ಆ ಪೆಟ್ಟಿಗೆಯಾಗಲಿ ಏರಿಯಲ್ಲಾಗಲಿ ಯಾವ ಶಾಲೆಯ ಕೋಣೆಯಲ್ಲಾದರೂ ಉಳಿದಿದ್ದರೆ ಅದು ಗುಜರಿಯ ಮಾಲಲ್ಲವೆಂದು ನಮ್ಮ ಖಚಿತವಾದ ಅಭಿಪ್ರಾಯ.

ತಮ್ಮ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯಿದ್ದರೆ ಒಂದು ಎಚ್ಚರಿಕೆ: ಕುತೂಹಲದಿಂದ ಅದನ್ನು ಕೂಡಲೇ ವಿದ್ಯುತ್ತಿಗೆ ಜೋಡಿಸಕೂಡದು. ಒಳಗಿನ ಕಾಗದದ ಕಂಡೆನ್ಸರುಗಳು ತೇವ ಹಿಡಿದು ಸೋರುತ್ತಿರುತ್ತವೆ. ಅವನ್ನು ಬದಲಿಸಿ, ಆಮೇಲೆ ವಿದ್ಯುತ್ತನ್ನು ಮೆಲ್ಲಮೆಲ್ಲನೆ ಏರಿಸಬೇಕು. ಚಿತ್ರದ ಕೊಳವೆಯೊಳಗೆ ಗಾಳಿಯೇ ಇಲ್ಲ. ಒಡೆದರೆ ಗಾಜು ಸಿಡಿಯುತ್ತದೆ. ಸಾವಿರಾರು ವೋಲ್ಟಿನ ವಿದ್ಯುತ್ತು, ಪ್ಲಗ್ಗು ಕಿತ್ತ ಬಳಿಕವೂ ಒಳಗೆ ಅಡಗಿರುತ್ತದೆ. ಇದನ್ನೆಲ್ಲ ಕೈಯಿಂದ ಬಲ್ಲವರು ಪೇಟೆಯ ಹಳೆಯ ರೇಡಿಯೋ ಮೆಕ್ಯಾನಿಕರು. ಅವರಲ್ಲಿ ಬಹುಮಂದಿಗೆ ಈಗ ವಯಸ್ಸಾಗಿದೆ, ಅಂಗಡಿಗಳೂ ಮುಚ್ಚಿವೆ. ಅವರ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿಯಾಗಿ ಬಂದಿಲ್ಲ. ನಮ್ಮ ತರುಣರು ಒಂದು ನೋಟುಬುಕ್ಕನ್ನು ಹಿಡಿದು ಈ ವರ್ಷವೇ ಅವರ ಬಳಿಗೆ ಹೋಗಿ ಕುಳಿತು, ಅವರ ಬಾಯಿಂದ ಬಂದುದನ್ನು ಅವರ ಕನ್ನಡದಲ್ಲೇ ಬರೆದುಕೊಳ್ಳಲೆಂದು ಕೋರುತ್ತೇವೆ.