ಔಷಧ ಕೊಡುವವರು ಊರಿನ ಪರವಾಗಿಯೂ ಮಾತನಾಡಲಿ



ಮೂಡಿಗೆರೆ, ಕಳಸದ ಕಡೆ ಕಾಫಿ ತೋಟಗಳಲ್ಲಿ ದುಡಿಯುವ ದಂಪತಿಗಳಿಗೆ ವೈದ್ಯರಿಗಿಂತ ಮೊದಲು ಕಾಣಸಿಗುವವರು ಔಷಧ ಕೊಡುವ ಫಾರ್ಮಸಿಸ್ಟರು. ಜ್ವರ ಬಂದರೂ, ಮಗುವಿಗೆ ಭೇದಿಯಾದರೂ, ನಾಚಿಕೆಯಿಂದ ಬೇರೆಯವರಲ್ಲಿ ಹೇಳಲಾಗದ ಸಂಗತಿಯಿದ್ದರೂ ನೀವು ಅವರಲ್ಲಿಗೇ ಹೋಗುತ್ತೀರಿ. ಹಿರಿಯರು ಅವರನ್ನು ಕಾಂಪೌಂಡರ್ ಎಂದು ಕರೆಯುತ್ತಿದ್ದರು. ಕೆಲಸದಲ್ಲಿರುವಾಗಲೇ ಅವರು ಪಡೆಯಬೇಕಾದ ಒಂದು ತರಬೇತಿಯ ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ಅಂಗಡಿಗೂ ಕುಟುಂಬ ಕಲ್ಯಾಣಕ್ಕೂ ಇರುವ ಸಂಬಂಧ ಹೊಸದಲ್ಲ. 1968ರಲ್ಲಿ ನಿರೋಧ್ ಮಾರಾಟ ಆರಂಭವಾದಾಗ ಸರ್ಕಾರವು ಅದನ್ನು ಚಹಾ, ಸಾಬೂನು ಮಾರುವ ಕಂಪನಿಗಳ ಮೂಲಕ ಅಂಗಡಿಗಳಿಗೆ ತಲಪಿಸಿತು. ಬೆಲೆ ಮೂರಕ್ಕೆ 15 ಪೈಸೆ. ಆದರೆ ಮಾರುವುದು ಬೇರೆ, ತಿಳಿಸಿ ಕೊಡುವುದು ಬೇರೆ. ಫಾರ್ಮಸಿ ಕಾಯ್ದೆಯಡಿ 2015ರಲ್ಲಿ ಹೊರಟ ನಿಯಮಾವಳಿಯಂತೆ, ಔಷಧವನ್ನು ಎಷ್ಟು, ಹೇಗೆ, ಎಷ್ಟು ದಿನ ಸೇವಿಸಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು ಎಂಬುದನ್ನು ತಿಳಿಸುವುದು ಫಾರ್ಮಸಿಸ್ಟರ ಕರ್ತವ್ಯ. ಮಾಲಾ-ಎನ್ ಮಾತ್ರೆಯನ್ನು ಒಂದು ದಿನ ಮರೆತ ತಾಯಿಯು ನೆನಪಾದ ಕೂಡಲೇ ಅದನ್ನು ನುಂಗಿ, ಮುಂದಿನದನ್ನು ಎಂದಿನ ವೇಳೆಗೆ ನುಂಗಬೇಕು. ಎರಡು ಅಥವಾ ಹೆಚ್ಚು ದಿನ ಮರೆತಿದ್ದರೆ ಮುಂದಿನ ಏಳು ದಿನ ನಿರೋಧ್ ಸಹ ಬಳಸಬೇಕು. ಛಾಯಾ ಮಾತ್ರೆಯ ಲೆಕ್ಕವೇ ಬೇರೆ: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಇದನ್ನೆಲ್ಲ ಕೇಳಲು ಸಂಕೋಚ ಬೇಡ. ಗಂಡಸರೂ ಕೇಳಬೇಕು.

ಅದೇ ನಿಯಮಾವಳಿಯಂತೆ ಫಾರ್ಮಸಿಸ್ಟರು ಐದು ವರ್ಷಗಳಲ್ಲಿ ಕನಿಷ್ಠ ಎರಡು ಬಾರಿ ಒಂದೊಂದು ದಿನದ ಪುನಶ್ಚೇತನ ತರಬೇತಿ ಪಡೆಯಬೇಕು. ಅದು ಅವಶ್ಯ, ಅಷ್ಟೇ ಸಾಕೆಂದು ನಾನು ಹೇಳಲಾರೆ. 1997ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೆನಡಾದ ವ್ಯಾಂಕೂವರಿನಲ್ಲಿ ನಡೆಸಿದ ಸಭೆಯು ಫಾರ್ಮಸಿಸ್ಟರಿಗೆ ಏಳು ಪಾತ್ರಗಳನ್ನು ಗುರುತಿಸಿತು. ಮುಂದಾಳುತನವೂ ಅವುಗಳಲ್ಲೊಂದು.

ಆರೋಗ್ಯ ನೀತಿ ಎಂಬುದು ದೊಡ್ಡ ಮಾತಿನಂತೆ ಕೇಳಿಸುತ್ತದೆ. ಜುಲೈ ತಿಂಗಳಿನಲ್ಲಿ ಕಳಸದ ಕಡೆ ಎಷ್ಟು ಪೊಟ್ಟಣ ಮಾತ್ರೆ ಇರಬೇಕು, ಅದಕ್ಕೆ ಯಾರು, ಯಾವಾಗ ಬೇಡಿಕೆ ಸಲ್ಲಿಸಬೇಕು ಎಂಬುದೇ ನಿಮ್ಮ ಮನೆ ಬಾಗಿಲಿನ ಆರೋಗ್ಯ ನೀತಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳು ಕುಸಿದುದನ್ನು ನೀವು ಮರೆತಿರಲಾರಿರಿ. ಅಂಥ ವಾರದಲ್ಲಿಯೇ ಲೈನ್ ಮನೆಯ ತಾಯಿಯೊಬ್ಬಳ ಪೊಟ್ಟಣ ಮುಗಿದರೆ? ಕಾಫಿ ಕೊಯ್ಲಿಗೆ ಹೊರಗಿನ ಆಳುಗಳು ಬಂದಾಗಲೂ ಬೇಡಿಕೆ ಏರುತ್ತದೆ. ಇದರ ಗುರುತೆಲ್ಲ ಫಾರ್ಮಸಿಸ್ಟರ ದಾಸ್ತಾನು ಪುಸ್ತಕದಲ್ಲಿರುತ್ತದೆ. ಆ ಅಂಕಿಗಳನ್ನು ಕೂಡಿಸಿ, ಮೇ ತಿಂಗಳಿನಲ್ಲೇ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಪತ್ರ ಬರೆದು, ಆರೋಗ್ಯ ರಕ್ಷಾ ಸಮಿತಿಯ ಮುಂದೆ ವಿನಯದಿಂದ, ಆದರೆ ಪಟ್ಟುಬಿಡದೆ ಕೇಳುವ ವಿದ್ಯೆಯನ್ನು ಅವರಿಗೆ ಕಲಿಸಬೇಕು. ಅಂಕಿಯಿಲ್ಲದ ದೂರು ಕಚೇರಿಯಲ್ಲಿ ಬಹುಕಾಲ ನಿಲ್ಲದು; ಸರ್ಕಾರಿ ನೌಕರನಾಗಿ ಈ ಮಾತನ್ನು ಅರಿತೇ ಹೇಳುತ್ತಿದ್ದೇನೆ.

ಮಾತ್ರೆ ಸಿಗದ ಮನೆಯಲ್ಲಿ ಬೇಡದ ಬಸಿರು ನಿಲ್ಲಬಹುದು. ಸಂಭೋಗವಾಗಿ 72 ಗಂಟೆಗಳೊಳಗಾದರೆ ಚೀಟಿಯಿಲ್ಲದೆ ದೊರೆಯುವ ತುರ್ತು ಗರ್ಭನಿರೋಧಕ ಮಾತ್ರೆ ಇದೆ. ಅವಧಿ ಮೀರಿ ಬಸಿರು ನಿಂತ ಮೇಲೆ, ಗರ್ಭಪಾತದ ಮಾತ್ರೆಯನ್ನು ಚೀಟಿಯಿಲ್ಲದೆ ಕೊಡಿರೆಂದು ಪತಿಯು ಅಂಗಡಿಗೆ ಬರುವುದುಂಟು. ಬಲ್ಲ ಫಾರ್ಮಸಿಸ್ಟರು ಅದನ್ನು ಕೊಡುವುದಿಲ್ಲ. ಬೈದು ಕಳುಹಿಸುವುದೂ ಇಲ್ಲ. ಬಸಿರು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಆ ಮಾತ್ರೆಯಿಂದ ಅದು ಹೋಗದು. ನಾಳ ಒಡೆದು ಒಳಗೊಳಗೇ ರಕ್ತ ಸುರಿದು ತಾಯಿ ಸಾಯಬಹುದು. ಅಂಗಡಿಯ ಮುಂದೆ ನಿಂತು ಇದನ್ನು ತಿಳಿಯಲು ಯಾರಿಗೂ ಸಾಧ್ಯವಿಲ್ಲ. 1971ರ ಕಾಯ್ದೆಯು ಅರ್ಹ ವೈದ್ಯರಿಂದ ಗರ್ಭಪಾತಕ್ಕೆ ಅವಕಾಶ ನೀಡಿದೆಯೆಂದೂ, ಅದರ 2021ರ ತಿದ್ದುಪಡಿಯಂತೆ ಹೆಂಗಸಿನ ಹೆಸರನ್ನು ಗುಟ್ಟಾಗಿಡಬೇಕೆಂದೂ ತಿಳಿಸಿ, ಅವರು ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಕಾನೂನನ್ನು ಅರಿತವರಿಗಷ್ಟೇ ಹೀಗೆ ಧೈರ್ಯ ಹೇಳಲಾದೀತು.

ನೋಂದಾಯಿತ ಫಾರ್ಮಸಿಸ್ಟರ ಉಸ್ತುವಾರಿಯಿಲ್ಲದೆ ಚೀಟಿಯ ಔಷಧವನ್ನು ಕೊಡುವಂತಿಲ್ಲ. ಆದುದರಿಂದ ಅವರನ್ನು ತಿಂಗಳುಗಟ್ಟಲೆ ಬೆಂಗಳೂರಿಗೆ ಕಳುಹಿಸುವ ತರಬೇತಿಯು ನಮ್ಮ ಘಟ್ಟದ ಊರುಗಳಿಗೆ ಒದಗದು. ತಿಂಗಳಿಗೆ ಒಂದೆರಡು ದಿನ ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ಕಲಿತು, ಉಳಿದ ದಿನಗಳಲ್ಲಿ ತಮ್ಮ ಕೆಲಸದಲ್ಲಿಯೇ ಅಭ್ಯಾಸ ಮಾಡುವ ಅರೆಕಾಲಿಕ ತರಬೇತಿಯೇ ಯೋಗ್ಯವೆಂದು ನನ್ನ ಅಭಿಪ್ರಾಯ. ಅಂಥ ದಿನ ಅಂಗಡಿ ಮುಚ್ಚಿದ್ದರೆ ಬೇಸರಪಡಬೇಡಿರಿ. ಕಸ ಗುಡಿಸುವ ಹುಡುಗನಿಂದ ಮಾತ್ರೆ ಕೇಳಿ ಪಡೆಯಲೂಬೇಡಿರಿ.

ನಿಮ್ಮ ಗ್ರಾಮ ಆರೋಗ್ಯ ಸಮಿತಿಯ ಮುಂದಿನ ಸಭೆಗೆ ಫಾರ್ಮಸಿಸ್ಟರನ್ನೂ ಕರೆಯಿರಿ. ಸಭೆಯ ದಿನವನ್ನು ಆಶಾ ಕಾರ್ಯಕರ್ತೆಯಲ್ಲಿ ಕೇಳಿ ತಿಳಿಯಿರಿ. ಯಾವ ತಿಂಗಳು ಯಾವ ಮಾತ್ರೆ ಸಿಗಲಿಲ್ಲವೆಂಬುದನ್ನು ಗಂಡಹೆಂಡಿರು ಕೂಡಿ ಒಂದು ಚೀಟಿಯಲ್ಲಿ ಬರೆದು ತನ್ನಿರಿ. ಬರೆಯಲು ಬಾರದಿದ್ದರೆ ಖಾಲಿ ಪೊಟ್ಟಣವನ್ನೇ ತನ್ನಿರಿ; ಮಾತ್ರೆಯ ಹೆಸರು ಅದರ ಮೇಲಿರುತ್ತದೆ.